ಹಿತ್ತಲ ದಾಸವಾಳ, ಪಕ್ಕದ ರೇಷ್ಮೆ ತೋಟ

ಇವತ್ತಿನ ಎಪಿಸೋಡ್ ಹೂವಿನ ಗಿಡದ ಬಗ್ಗೆ. ಸ್ಕಿಪ್ ಮಾಡ್ಬೇಡಿ, ದುಡ್ಡಿನ ವಿಷ್ಯಾನೂ ಇದೆ, ಅಕ್ಕಪಕ್ಕದವರ ಜೊತೆ ಜಗಳ ಆಗೋ ವಿಷ್ಯಾನೂ ಇದೆ.

ಹನೂರು ಕಡೆಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. "ಅಣ್ಣಾ, ಹೊಸ ಮನೆ ಕಟ್ಟಿದ್ದೀವಿ. ಮುಂದೆ ಸ್ವಲ್ಪ ಜಾಗ ಇದೆ. ಒಂದ್ಸಲ ಹಾಕಿದ್ರೆ ವರ್ಷಗಟ್ಟಲೆ ಇರೋ ಹೂವಿನ ಗಿಡ ಹೇಳಿ. ಪಕ್ಕದಲ್ಲೇ ರೇಷ್ಮೆ ಸೊಪ್ಪಿನ ತೋಟ ಇದೆ" ಅಂತ. ಆ ಕೊನೇ ಮಾತನ್ನ ಅವರು ಸುಮ್ನೆ ಹೇಳಿದ್ದು. ನನಗೆ ಅದೇ ಮುಖ್ಯ ಅನ್ನಿಸ್ತು. ಅಲ್ಲಿಗೆ ಬರ್ತೀನಿ.

ಮೊದಲು ಲೆಕ್ಕ. ನಾನು ಬಿಕಾಂ, ಅಭ್ಯಾಸ ಬಿಡಲ್ಲ. ಮೊಳ ಹೂವು 30 ರೂಪಾಯಿ ಅಂತ ಇಟ್ಕೊಳ್ಳಿ. ವಾರಕ್ಕೆ ಎರಡು ಮೊಳ ತಗೊಂಡ್ರೆ ವರ್ಷಕ್ಕೆ 3,120 ರೂಪಾಯಿ. ವರಮಹಾಲಕ್ಷ್ಮಿ ಹಬ್ಬದ ರೇಟು ಇದರಲ್ಲಿ ಸೇರಿಲ್ಲ, ಅದನ್ನ ಕೇಳೋದೇ ಬೇಡ! ಚೆಂಡು ಹೂವಿನ ಗಿಡ ಒಂದು ಸೀಸನ್ ಹೂ ಕೊಟ್ಟು ಒಣಗುತ್ತೆ, ಮತ್ತೆ ಹಾಕ್ಬೇಕು. ಅದು ಖರ್ಚು. ಮಲ್ಲಿಗೆ ಬಳ್ಳಿ ಹಾಗಲ್ಲ, ಅದು ಆಸ್ತಿ.

ನಮ್ಮ ಬಿಸಿಲಿಗೆ ನನ್ನ ಮೊದಲ ಆಯ್ಕೆ ದುಂಡು ಮಲ್ಲಿಗೆ. ಆದ್ರೆ ಎಷ್ಟೋ ಮನೇಲಿ ಬಳ್ಳಿ ಕಾಂಪೌಂಡ್ ಮೇಲೆ ಹತ್ತಿ ಸೊಪ್ಪಾಗಿ ನಿಂತಿರುತ್ತೆ, ಹೂವೇ ಇಲ್ಲ. ಯಾಕೆ? ಕತ್ತರಿ ಬಿದ್ದಿಲ್ಲ. ಮಲ್ಲಿಗೆ ಮೊಗ್ಗು ಬರೋದು ಹೊಸ ಚಿಗುರಲ್ಲಿ. ನವೆಂಬರ್ ಕೊನೇಲಿ ನೀರು ಕಮ್ಮಿ ಮಾಡಿ, ಆಮೇಲೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಉಳಿದದ್ದನ್ನ ಕತ್ತರಿಸಿ, ಗೊಬ್ಬರ ಹಾಕಿ ನೀರು ಕೊಡಿ. ಬೇಸಿಗೆ ಶುರುವಾಗ್ತಿದ್ದ ಹಾಗೆ ಮೊಗ್ಗು ಕಾಣುತ್ತೆ. ಅಮ್ಮ, ಅಜ್ಜಿ ಬೈತಾರೆ, "ಹಸಿರು ಬಳ್ಳೀನ ಯಾಕೋ ಕೊಯ್ದೆ" ಅಂತ. ಬೈಸ್ಕೊಳ್ಳಿ.

ಮಲ್ಲಿಗೆ ನಿಂತ ಮೇಲೂ ಹೂವು ಬೇಕು ಅಂದ್ರೆ ಜೊತೆಗೊಂದು ಕಾಕಡ ಹಾಕಿ. ವಾಸನೆ ಅಷ್ಟಿಲ್ಲ, ಆದ್ರೆ ಗಟ್ಟಿ ಗಿಡ. ಕನಕಾಂಬರ ಅರೆನೆರಳಲ್ಲೂ ಬರುತ್ತೆ. ಅದರ ಒಣಗಿದ ತೆನೆ ಮೇಲೆ ನೀರು ಬಿದ್ರೆ ಬೀಜ ಪಟಪಟ ಸಿಡಿಯುತ್ತೆ, ಮಕ್ಕಳಿಗೆ ತೋರಿಸಿ. ಡೆಲ್ಲಿ ಕನಕಾಂಬರ ಅಂತ ಇದೆಯಲ್ಲಾ, ಅದಕ್ಕೆ ಬೀಜ ಕಟ್ಟಲ್ಲ, ಕಡ್ಡೀನೇ ನೆಡ್ಬೇಕು. ಕನಕಾಂಬರದ ಶತ್ರು ಬೇರಲ್ಲಿ ಗಂಟು ಮಾಡೋ ಜಂತುಹುಳ. ಗಿಡ ಸೊರಗಿದ್ರೆ ಕಿತ್ತು ಬೇರು ನೋಡಿ. ಗಂಟು ಇದ್ರೆ ಅದೇ ಗುಂಡೀಲಿ ಮತ್ತೆ ಕನಕಾಂಬರ ಬೇಡ. ಒಂದು ಸೀಸನ್ ಚೆಂಡು ಹೂವು ಹಾಕಿ, ಅದು ಈ ಹುಳ ಕಮ್ಮಿ ಮಾಡುತ್ತೆ. ನೋಡಿ, ಈಗಷ್ಟೇ ಖರ್ಚು ಅಂತ ಬೈದ ಗಿಡ ಇಲ್ಲಿ ಕೆಲಸಕ್ಕೆ ಬಂತು.

ಸಂಪಿಗೆ ಬೇಕು ಅಂತ ತುಂಬಾ ಜನ ಕೇಳ್ತಾರೆ. ಬಿಳಿಗಿರಿರಂಗನ ಬೆಟ್ಟದ ದೊಡ್ಡ ಸಂಪಿಗೆ ನೋಡಿದ್ದೀರಲ್ಲ, ಸೋಲಿಗರು ಪೂಜೆ ಮಾಡೋ ಮರ? ನೀವು ನೆಡ್ತಿರೋದೂ ಅದೇ ಜಾತಿ. 30x40 ಸೈಟಲ್ಲಿ ಗೋಡೆ ಪಕ್ಕ ಬೇಡ.

ಇನ್ನು ಆ ರೇಷ್ಮೆ ತೋಟ. ಹನೂರಿನ ಆ ಕೇಳುಗರ ಲಿಸ್ಟಲ್ಲಿ ಮೊದಲು ಇದ್ದದ್ದು ದಾಸವಾಳ. ಒಳ್ಳೇ ಗಿಡಾನೇ. ಕಡ್ಡಿ ಚುಚ್ಚಿದ್ರೆ ಬರುತ್ತೆ, ದಿನಾ ಪೂಜೆಗೆ ಹೂವು. ಆದ್ರೆ ದಾಸವಾಳದ ತುದಿ ಮುದುಡಿ, ಬಿಳೀ ಹಿಟ್ಟು ಮೆತ್ತಿದ ಹಾಗೆ ಆಗುತ್ತಲ್ಲ, ಅದು ಹಿಟ್ಟು ತಿಗಣೆ. ಅದರಲ್ಲಿ ಗುಲಾಬಿ ಬಣ್ಣದ್ದೊಂದು ಜಾತಿ ಇದೆ. ಅದೇ ಹಿಪ್ಪುನೇರಳೆಗೆ ಹೋದ್ರೆ ರೈತರು ತುಕ್ರಾ ಅಂತಾರೆ. ಕುಡಿ ತಿರುಚಿಕೊಳ್ಳುತ್ತೆ, ಎಲೆ ಸುಕ್ಕಾಗುತ್ತೆ, ಹುಳಕ್ಕೆ ಒಳ್ಳೇ ಸೊಪ್ಪು ಸಿಗಲ್ಲ, ಗೂಡಿನ ತೂಕ ಬೀಳುತ್ತೆ. ನಿಮ್ಮ ಪೂಜೆ ಹೂವು ಪಕ್ಕದವರ ಬೆಳೆಗೆ ಕುತ್ತು.

ಸರಿ, ಔಷಧಿ ಹೊಡೀತೀನಿ ಅಂತೀರಾ? ಅದು ಇನ್ನೂ ಅಪಾಯ. ರೇಷ್ಮೆ ಹುಳ ತುಂಬಾ ಸೂಕ್ಷ್ಮ. ಗಾಳೀಲಿ ಬಂದ ಕೀಟನಾಶಕ ಸೊಪ್ಪಿನ ಮೇಲೆ ಕೂತು, ಆ ಸೊಪ್ಪು ತಿಂದ್ರೆ ಹುಳ ಸಾಯುತ್ತೆ. ಒಂದು ಬ್ಯಾಚ್ ಹುಳ ಹೋದ್ರೆ ಒಂದು ಮನೆಯ ತಿಂಗಳ ದುಡಿಮೆ, ಸಾಲದ ಕಂತು ಎಲ್ಲ ಹೋಯ್ತು. ಬೇವಿನೆಣ್ಣೆ ನ್ಯಾಚುರಲ್ ಅಲ್ವಾ ಅಂತ ಯೂಟ್ಯೂಬ್ ನೋಡಿ ಕೇಳ್ತಾರೆ. ಬೇವು ಕೆಲಸ ಮಾಡೋದೇ ಹುಳ ತಿನ್ನದ ಹಾಗೆ, ಬೆಳೆಯದ ಹಾಗೆ ಮಾಡಿ. ರೇಷ್ಮೆ ಹುಳವೂ ಹುಳಾನೇ ತಾನೆ?

ಹಾಗಾಗಿ ತೋಟ ಪಕ್ಕದಲ್ಲೇ ಇದ್ರೆ ದಾಸವಾಳ ಬಿಡಿ, ಮಲ್ಲಿಗೆ, ಕಾಕಡ, ನಂದಿಬಟ್ಟಲು ಹಾಕಿ ಅಂತೀನಿ. ಈಗಾಗ್ಲೇ ದಾಸವಾಳ ಇದ್ರೆ ವಾರಕ್ಕೊಂದ್ಸಲ ಕುಡಿ ತಿರುಗಿಸಿ ನೋಡಿ. ಮುದುಡಿದ ತುದಿ ಕತ್ತರಿಸಿ ಕವರಲ್ಲಿ ಹಾಕಿ ಸುಟ್ಟುಬಿಡಿ, ಬೇಲಿ ಆಚೆ ಎಸೀಬೇಡಿ. ಉಳಿದ ಗಿಡಕ್ಕೆ ಪೈಪಲ್ಲಿ ಜೋರಾಗಿ ನೀರು ಬಿಡಿ. ಇರುವೆ ಸಾಲು ಹತ್ತುತ್ತಿದ್ರೆ ತಡೀರಿ. ತಿಗಣೆ ಬಿಡೋ ಸಿಹಿ ನೀರಿಗಾಗಿ ಇರುವೆ ಅದನ್ನ ಕಾಯುತ್ತೆ. ಹಿಟ್ಟು ತಿಗಣೆ ನಡುವೆ ದೊಡ್ಡದಾಗಿ, ಬಿಳೀ ನೂಲು ಮೆತ್ತಿಕೊಂಡು ಚುರುಕಾಗಿ ಓಡಾಡೋ ಹುಳ ಕಂಡ್ರೆ ಕೊಲ್ಬೇಡಿ. ಅದು ಗುಲಗಂಜಿ ಹುಳದ ಜಾತಿಯ ಮರಿ, ತಿಗಣೇನ ತಿನ್ನೋದೇ ಅದರ ಕೆಲಸ. ನರ್ಸರೀಲಿ ಗಿಡ ತಗೊಳ್ಳುವಾಗ್ಲೂ ಹೂವಿಗಿಂತ ಮೊದಲು ಕುಡಿ ನೋಡಿ.

ಇನ್ನೊಂದು ಮಾತು, ಕಣಗಿಲೆ. ನೀರಿಲ್ಲದಿದ್ರೂ ಬದುಕುತ್ತೆ ಅಂತ ಬೇಲಿಗೆ ಹಾಕ್ತಾರೆ. ಅದರ ಎಲೆ, ಕಡ್ಡಿ, ಹೂವು ಎಲ್ಲ ವಿಷ. ಮನೇಲಿ ಮೇಕೆ, ಹಸು, ಚಿಕ್ಕ ಮಕ್ಕಳು ಇದ್ರೆ ಬೇಡವೇ ಬೇಡ.

ಗೊಬ್ಬರಕ್ಕೆ ದುಡ್ಡು ಹಾಕ್ಬೇಡಿ. ಪಕ್ಕದ ಮನೇಲಿ ಹುಳ ಸಾಕ್ತಿದ್ರೆ ಹಿಕ್ಕೆ, ತಿಂದುಳಿದ ಸೊಪ್ಪು ಕಡ್ಡಿ ಇರುತ್ತೆ, ಕೇಳಿ ತನ್ನಿ. ಹಸಿಯಾಗಿ ಬುಡಕ್ಕೆ ಸುರೀಬೇಡಿ, ಮೂರ್ನಾಲ್ಕು ತಿಂಗಳು ಗುಂಡೀಲಿ ಕೊಳೆಸಿ. ತರೋಕೆ ಹೋದಾಗ ಅವರ ಚಾಕಿ ಯಾವಾಗ, ಹಣ್ಣು ಹುಳ ಯಾವಾಗ ಅಂತಾನೂ ಕೇಳ್ಕೊಳ್ಳಿ. ಮನೇಲಿ ಸೊಳ್ಳೆ ಔಷಧಿ ಹೊಡೆಯೋದಿದ್ರೂ ಆ ದಿನ ಗೊತ್ತಿರ್ಬೇಕು.

ಮುಂದಿನ ವಾರ ಗುಲಾಬಿ. ಕಸಿ ಗಿಡ ಯಾಕೆ ವರ್ಷದೊಳಗೆ ಕಾಡು ಗುಲಾಬಿ ಆಗುತ್ತೆ ಅಂತ ಯಳಂದೂರಿಂದ ಪ್ರಶ್ನೆ ಬಂದಿದೆ.