ಶಾಲೆಗೆ ಬರುವ ಅಧಿಕಾರಿ ಮಗುವಿನ ಪುಸ್ತಕ ಓದಬಲ್ಲವರಾಗಿರಲಿ
(ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಸಣ್ಣವರಿರುವಾಗ "ನಾಳೆ ಎ.ಇ.ಒ. ಬರುತ್ತಾರೆ" ಎಂದರೆ ಶಾಲೆಯಲ್ಲಿ ಹಬ್ಬದ ಗಡಿಬಿಡಿ. ಅಂಗಳ ಗುಡಿಸಬೇಕು, ಒಗೆದ ಅಂಗಿ ಹಾಕಬೇಕು, ಮಗ್ಗಿ ಬಾಯಿಪಾಠ ಬರಬೇಕು. ನಿಮ್ಮಲ್ಲಿಯೂ ಅನೇಕರಿಗೆ ಇದು ನೆನಪಿರಬಹುದು. ಇಂದು ಆ ಹುದ್ದೆಯ ಬಗ್ಗೆಯೇ ನಾಲ್ಕು ಮಾತು ಹೇಳಲು ನಿಂತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ಮೇಲಧಿಕಾರಿಗಳು ನನ್ನ ಎಂಟನೆಯ ತರಗತಿಗೆ ಬಂದರು. ಒಬ್ಬ ಹುಡುಗಿಯ ಪ್ರಬಂಧದ ಪುಸ್ತಕ ತೆಗೆದು, ಪುಟ ಮಗುಚಿ, ಸಹಿ ಹಾಕಿ ಹಿಂದೆ ಕೊಟ್ಟರು. ಬೀಡಿ ಕಟ್ಟುವ ತನ್ನ ಅಜ್ಜಿಯ ಬಗ್ಗೆ ಅವಳು ಚಂದವಾಗಿ ಬರೆದಿದ್ದಳು. ಅವರು ಹೋದ ಮೇಲೆ ಮೆಲ್ಲನೆ ಕೇಳಿದಳು: "ಟೀಚರ್, ಅವರು ಓದಿದರಾ?" ನಾನು "ನೋಡಿದರು ಮಗಾ" ಎಂದೆ. ಅವರು ಸಜ್ಜನರೇ. ಕನ್ನಡ ಬಾರದ್ದು ಅವರ ತಪ್ಪಲ್ಲ. ಆದರೆ ಆ ಮಗುವಿಗೆ ಸಿಕ್ಕಿದ್ದು ಸಹಿ ಮಾತ್ರ.

ಇದೇ ಹುದ್ದೆಯಲ್ಲಿ ಹಿಂದೆ ಎಂಥವರಿದ್ದರು ನೋಡಿ. ಪಂಜೆ ಮಂಗೇಶರಾಯರು (1874-1937) ಹುಟ್ಟಿದ್ದು ಬಂಟ್ವಾಳದಲ್ಲಿ. ಮಂಗಳೂರಿನಲ್ಲಿ ಅಧ್ಯಾಪಕರಾಗಿ, ದಕ್ಷಿಣ ಕನ್ನಡದಲ್ಲಿ ಶಾಲಾ ಇನ್‌ಸ್ಪೆಕ್ಟರರಾಗಿ, ಮುಂದೆ ಮಡಿಕೇರಿಯಲ್ಲಿ ಹೈಸ್ಕೂಲು ಮುಖ್ಯೋಪಾಧ್ಯಾಯರಾಗಿ ದುಡಿದರು. ಆಗ ನಮ್ಮ ಕಾಸರಗೋಡು ಅದೇ ಜಿಲ್ಲೆಯ ಒಂದು ತಾಲೂಕು. ಮಕ್ಕಳಿಗೆ ಓದಲು ರುಚಿಯಾದ ಪಾಠಗಳಿಲ್ಲವೆಂದು ಕಂಡು ತಾವೇ ಕಥೆ, ಪದ್ಯ ಬರೆದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ಮನೆಮಾತು ಕೊಂಕಣಿ ಎಂಬುದನ್ನು ಮರೆಯಬಾರದು. ನಮ್ಮ ಮಕ್ಕಳಲ್ಲಿಯೂ ತುಳು, ಕೊಂಕಣಿ, ಮರಾಠಿ, ಮಲಯಾಳ ಮನೆಮಾತಿನವರು ಎಷ್ಟಿಲ್ಲ! ಅಧಿಕಾರಿ ಯಾವ ಮನೆಯಲ್ಲಿ ಹುಟ್ಟಿದವರು ಎಂದು ನಾವು ಕೇಳುವುದಿಲ್ಲ. ಮಗುವಿನ ಪುಸ್ತಕ ಓದಬಲ್ಲರೇ ಎಂಬುದಷ್ಟೇ ನಮ್ಮ ಪ್ರಶ್ನೆ.

1956ರ ನವೆಂಬರ 1ರಂದು ನಾವು ಕೇರಳಕ್ಕೆ ಸೇರಿದೆವು. ಈಗ ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಲ್ಲಿ ಒಬ್ಬೊಬ್ಬ ಎ.ಇ.ಒ., ಅವರ ಮೇಲೆ ಡಿ.ಇ.ಒ., ಅವರ ಮೇಲೆ ಜಿಲ್ಲೆಗೊಬ್ಬ ವಿದ್ಯಾ ಉಪನಿರ್ದೇಶಕರು. ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಲೆಕ್ಕ ನೋಡಿ ಎಷ್ಟು ಡಿವಿಜನ್, ಎಷ್ಟು ಅಧ್ಯಾಪಕರು ಎಂದು ನಿಗದಿ ಮಾಡುವವರು ಇವರೇ. ಎಯ್ಡೆಡ್ ಶಾಲೆಯ ನೇಮಕಕ್ಕೆ ಒಪ್ಪಿಗೆ ಕೊಡುವವರೂ ಇವರೇ. ಒಂದು ಕನ್ನಡ ಡಿವಿಜನ್ ಉಳಿಯುವುದೂ ಅಳಿಯುವುದೂ ಅವರ ಮೇಜಿನ ಮೇಲೆ.

ಈ ಹುದ್ದೆ ಆಕಾಶದಿಂದ ಇಳಿಯುವುದಿಲ್ಲ. ಸರಕಾರಿ ಹೈಸ್ಕೂಲು ಅಧ್ಯಾಪಕರು ಸೇವಾ ಹಿರಿತನದ ಜೊತೆಗೆ ಕೆ.ಇ.ಆರ್. ಮತ್ತು ಅಕೌಂಟ್ ಟೆಸ್ಟ್ ಪಾಸಾದರೆ ಮುಖ್ಯೋಪಾಧ್ಯಾಯರೋ ಎ.ಇ.ಒ.ವೋ ಆಗಬಹುದು. ಮುಂದೆ ಡಿ.ಇ.ಒ. ಆಗುವ ದಾರಿಯೂ ಇದೆ. ಆ ಹುದ್ದೆಗೆ ಪಿ.ಎಸ್.ಸಿ. ಮೂಲಕ ನೇರ ನೇಮಕವೂ ಉಂಟು. ಬಡ್ತಿ, ವರ್ಗಾವಣೆ ರಾಜ್ಯಮಟ್ಟದಲ್ಲಿ ನಡೆಯುವುದರಿಂದ ದೂರದ ತೆಂಕಣ ಜಿಲ್ಲೆಯವರೂ ಇಲ್ಲಿಗೆ ಬರುತ್ತಾರೆ. ನಮ್ಮವರು ಪರೀಕ್ಷೆಗೇ ಕೂರದಿದ್ದರೆ ಕುರ್ಚಿ ನಮಗಾಗಿ ಕಾದಿರುತ್ತದೆಯೇ?

ನಾನೂ ಆ ಪರೀಕ್ಷೆಗಳನ್ನು ಎಷ್ಟೋ ವರ್ಷ ಬರೆಯಲಿಲ್ಲ. ತರಗತಿ ಬಿಟ್ಟು ಕಡತ ಹಿಡಿಯಲು ಮನಸ್ಸಿರಲಿಲ್ಲ. ಇದನ್ನು ದೊಡ್ಡ ತ್ಯಾಗವೆಂದು ತಿಳಿದಿದ್ದೆ. ಆ ಹುಡುಗಿಯ ಪ್ರಶ್ನೆ ಕೇಳಿದ ಮೇಲೆ ಅದು ಉದಾಸೀನವೂ ಆಗಿತ್ತೆಂದು ಹೊಳೆಯಿತು. ಅರ್ಜಿ ಹಾಕಿದ್ದೇನೆ. ರಾತ್ರಿ ಮಕ್ಕಳ ಉತ್ತರಪತ್ರಿಕೆ ನೋಡಿ ಮುಗಿಸಿ, ಈಗ ನಾನೂ ಓದಲು ಕೂರುತ್ತೇನೆ.

ನಿಮ್ಮಲ್ಲಿ ನನ್ನ ವಿನಂತಿ ಮೂರು. ಮೊದಲನೆಯದು, ಜೂನ್ ತಿಂಗಳ ಆ ಆರನೆಯ ಕೆಲಸದ ದಿನ ಮಕ್ಕಳನ್ನು ತಪ್ಪಿಸದೆ ಶಾಲೆಗೆ ಕಳುಹಿಸಿ. ಮದುವೆ, ನೇಮ ಏನಿದ್ದರೂ ಸರಿ. ಎರಡನೆಯದು, ಕಚೇರಿಗೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಅವಕಾಶ ಕೇರಳದ ಆಡಳಿತ ಭಾಷಾ ಶಾಸನದಲ್ಲಿಯೇ ಇದೆ. ಬಳಸದ ಹಕ್ಕು ತುಕ್ಕು ಹಿಡಿಯುತ್ತದೆ. ಮೂರನೆಯದು, "ಕನ್ನಡದಲ್ಲಿ ಕಲಿತರೆ ಏನಾಗುತ್ತಾನೆ?" ಎಂದು ಮಗುವಿನ ಎದುರು ಹೇಳಬೇಡಿ. ಅವನು ಅಧ್ಯಾಪಕನಾಗಬಹುದು, ಅಧಿಕಾರಿಯಾಗಬಹುದು. ಮಲಯಾಳವನ್ನೂ ಚೆನ್ನಾಗಿ ಕಲಿಯಲಿ. ಕಚೇರಿಯ ಕಡತ ಓದಲು ಅದು ಬೇಕೇ ಬೇಕು.

ಮುಂದೊಂದು ದಿನ ಈ ಶಾಲೆಗೆ ಬರುವ ಅಧಿಕಾರಿ ಒಂದು ಪುಸ್ತಕ ತೆರೆದು, ಓದಿ, "ನಿನ್ನ ಅಜ್ಜಿ ಈಗ ಹೇಗಿದ್ದಾರೆ?" ಎಂದು ಕೇಳುವಂತಾಗಲಿ. ಆ ಅಧಿಕಾರಿ ಇಂದು ನಿಮ್ಮ ಮನೆಯಲ್ಲೇ ಪಾಠ ಓದುತ್ತಿರಬಹುದು.