ಮನಸ್ಸಲ್ಲಿ ಕಾಳಜಿ, ಕವರಲ್ಲಿ ಗಾಜು

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಪರಿಸರದ ಬಗ್ಗೆ ಎಪಿಸೋಡ್ ಮಾಡಿದ ವಾರವೇ ನಾನು ಒಡೆದ ಗಾಜಿನ ಲೋಟವನ್ನ ಹಸಿ ಕಸದ ಜೊತೆ ಒಂದೇ ಕವರ್‌ಗೆ ತುಂಬಿದ್ದೆ. ಕಸ ತಗೊಳ್ಳೋಕೆ ಬಂದ ಅಕ್ಕನ ಬೆರಳು ಕುಯ್ದುಹೋಯ್ತು. ಅವರು ಬೈಯಲಿಲ್ಲ. "ಗಾಜನ್ನ ಪೇಪರಲ್ಲಿ ಸುತ್ತಿ ಬೇರೆ ಕೊಡಪ್ಪಾ" ಅಂದ್ರು, ಅಷ್ಟೇ.

ಹಾಗಾದ್ರೆ ನನಗೆ ಕಾಳಜಿ ಇರಲಿಲ್ವಾ? ಇತ್ತು. ಧೋರಣೆ ಒಂದು, ನಡವಳಿಕೆ ಇನ್ನೊಂದು ಯಾಕೆ ಅನ್ನೋದು ಸಮಾಜಶಾಸ್ತ್ರದ ಹಳೇ ಪ್ರಶ್ನೆ. 1978ರಲ್ಲಿ ಅಮೆರಿಕದ ರೈಲಿ ಡನ್‌ಲಪ್ ಮತ್ತು ಕೆಂಟ್ ವ್ಯಾನ್ ಲಿಯರ್ ಜನರ ಪರಿಸರ ಧೋರಣೆ ಅಳೆಯೋಕೆ ಒಂದು ಪ್ರಶ್ನಾವಳಿ ತಂದ್ರು. ಅಂಥ ಪ್ರಶ್ನೆಗಳಿಗೆ ಉತ್ತರಿಸಿದ್ರೆ ನನಗೂ ಒಳ್ಳೇ ಮಾರ್ಕ್ಸ್ ಬರುತ್ತೆ. ಆದ್ರೆ ಬೆಳಿಗ್ಗೆ ನಿದ್ದೆಗಣ್ಣಲ್ಲಿ ನಡೆಯೋದು ಅಭ್ಯಾಸ, ಅನುಕೂಲ, ಪಕ್ಕದ ಮನೆಯವರನ್ನ ನೋಡಿ ಕಲಿತದ್ದು.

ಇನ್ನೊಂದು ಕಾರಣ, ನೋವು ಬೇರೆಯವರದ್ದು. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೆ ಹೋಯ್ತು. ಅಲ್ಲಿನ ಜನರ ಹೋರಾಟದಿಂದ 2012ರಲ್ಲಿ ಲಾರಿಗಳು ನಿಂತವು, ನಗರದ ಬೀದಿಗಳಲ್ಲೇ ಕಸ ರಾಶಿ ಬಿತ್ತು. ಅದೇ ವರ್ಷ ವಿಂಗಡಣೆ ಕಡ್ಡಾಯ ಆಯ್ತು. ನಾತ ನಮ್ಮ ಮೂಗಿಗೆ ಬಡಿದಾಗಲೇ ನಮಗದು ಸಮಸ್ಯೆ!

ಈಗ ನಮ್ಮ ಬಿಲ್ಡಿಂಗಲ್ಲಿ ಮೆಟ್ಟಿಲ ಕೆಳಗೆ, ಎಲ್ಲರಿಗೂ ಕಾಣೋ ಹಾಗೆ, ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಡಬ್ಬ ಇಟ್ಟಿದ್ದೀವಿ. ಯಾರಿಗೂ ಭಾಷಣ ಮಾಡಲಿಲ್ಲ. ಒಬ್ಬರನ್ನ ನೋಡಿ ಒಬ್ಬರು ಶುರು ಮಾಡಿದ್ರು.

ನಿಮ್ಮ ಮನೆ ಡಬ್ಬಕ್ಕೆ ನಾಳೆ ಯಾರು ಕೈ ಹಾಕ್ತಾರೆ? ಅವರ ಮುಖ ನೆನಪಿದೆಯಾ? ಮುಂದಿನ ವಾರ ಸಿಗೋಣ.