ಚಕ್ರ ನೇರವೋ, ಓರೆಯೋ?

ಸ್ಪೋರ್ಟ್ಸ್ ಕಾರಿನ ಚಕ್ರ 1 ಡಿಗ್ರಿ ಓರೆಯಾಗಿದ್ದರೂ ಸಾಕು, ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅದು ಅಡ್ಡಕ್ಕೆ ಉಜ್ಜುತ್ತದೆ. ಟೈರು ಸವೆಯುವುದಂತಿರಲಿ, ಹಿಂದಿನ ಚಕ್ರಗಳು ಹೊರಮುಖವಾಗಿದ್ದರೆ ವೇಗದ ತಿರುವಿನಲ್ಲಿ ಕಾರು ಬಾಲ ಬೀಸುತ್ತದೆ. ಆಗ ಸ್ಟೀರಿಂಗು ನಿಮ್ಮ ಮಾತು ಕೇಳದು.

ಪರೀಕ್ಷೆಗೆ ಸಮತಟ್ಟಾದ ನೆಲ, ಗಟ್ಟಿ ದಾರ, ಅಳತೆಪಟ್ಟಿ ಇದ್ದರಾಯಿತು. ಗಾಳಿ ಸರಿಮಾಡಿ, ಸ್ಟೀರಿಂಗು ನೇರವಾಗಿರಿಸಿ, ಕಾರಿನ ಇಕ್ಕೆಲಗಳಲ್ಲೂ ಚಕ್ರದ ನಡುಮಟ್ಟಕ್ಕೆ ದಾರ ಬಿಗಿಯಿರಿ. ಹಲವರು ಎಡವುವುದು ಇಲ್ಲಿಯೇ. ಮುಂದಿನ ಚಕ್ರಗಳ ನಡುವಣ ಅಗಲವೂ ಹಿಂದಿನದೂ ಬಹಳ ಕಾರುಗಳಲ್ಲಿ ಒಂದೇ ಅಲ್ಲ. ಆದುದರಿಂದ ದಾರಗಳೆರಡರ ಅಂತರ ಉದ್ದಕ್ಕೂ ಒಂದೇ ಇರಲಿ. ದಾರದಿಂದ ಚಕ್ರದ ನಡುವಿಗಿರುವ ದೂರ ಎಡಕ್ಕೂ ಬಲಕ್ಕೂ ಸಮನಾಗಲಿ.

ಇನ್ನು ರಿಮ್ಮಿನ ಮುಂದಂಚು, ಹಿಂದಂಚುಗಳಿಂದ ದಾರಕ್ಕೆ ಅಳೆಯಿರಿ. ಮುಂದಂಚಿನ ದೂರ ಹೆಚ್ಚಿದ್ದರೆ ಚಕ್ರ ಒಳಮುಖವೆಂದರ್ಥ. ತಿದ್ದಿ, ನಟ್ಟು ಬಿಗಿದ ಮೇಲೆ ಪುನಃ ಅಳೆಯಿರಿ. ಬಿಗಿಯುವಾಗಲೇ ಅಳತೆ ಜರುಗುವುದುಂಟು.